ಮನೆಗೆ ಸ್ವಯಂಚಾಲಿತ ಎಸ್ಪ್ರೆಸೊ ಯಂತ್ರ: ಬಳ್ಳಾರಿ, ರಾಯಚೂರು, ಕೊಪ್ಪಳದವರು ಕೊಳ್ಳುವ ಮುನ್ನ ನೋಡಬೇಕಾದ್ದು

ಗುಂಡಿಯೊಂದನ್ನು ಒತ್ತಿದರೆ ಸಾಕು, ಬೀಜವನ್ನು ತಾನೇ ಪುಡಿ ಮಾಡಿ, ಆ ಪುಡಿಯನ್ನು ಅದುಮಿ, ಬಿಸಿನೀರನ್ನು ಒತ್ತಡದಿಂದ ಹಾಯಿಸಿ, ಕಾಫಿಯನ್ನು ಲೋಟಕ್ಕಿಳಿಸುವ ಸಂಪೂರ್ಣ ಸ್ವಯಂಚಾಲಿತ ಎಸ್ಪ್ರೆಸೊ ಯಂತ್ರಗಳು ಈಗ ನಮ್ಮ ಜಿಲ್ಲೆಗಳ ಮನೆಗಳಿಗೂ ಕಾಲಿಡುತ್ತಿವೆ. ಸಾಧಾರಣ ಮಾದರಿಗೇ ನಲವತ್ತು ಸಾವಿರದ ಆಸುಪಾಸು ತೆರಬೇಕು. ಮೇಲಿನ ದರ್ಜೆಯವು ಲಕ್ಷವನ್ನು ಸಲೀಸಾಗಿ ದಾಟುತ್ತವೆ. ಇಷ್ಟು ಹಣ ಹಾಕುವಾಗ ಮಾರಾಟಗಾರರು ಮೊದಲು ತೋರಿಸುವುದು ಯಂತ್ರ ಎಷ್ಟು ಬಗೆಯ ಪಾನೀಯ ಮಾಡುತ್ತದೆ, ಪಂಪಿನ ಒತ್ತಡ ಎಷ್ಟು ಬಾರ್ ಎಂಬ ಎರಡು ಅಂಕಿಗಳನ್ನು. ತುಂಗಭದ್ರೆಯ ಈ ಸೀಮೆಯಲ್ಲಿ ಯಂತ್ರ ಬಾಳಿಕೆ ಬರುವುದೂ ಕೆಡುವುದೂ ಆ ಅಂಕಿಗಳಿಂದ ನಿರ್ಧಾರವಾಗುವುದಿಲ್ಲ. ಮನೆಯ ನೀರು, ಮನೆಯ ಹಾಲು, ದುರಸ್ತಿಗೆ ಬರುವವರು ಇರುವ ಊರು, ಈ ಮೂರನ್ನು ಮೊದಲು ವಿಚಾರಿಸಿ ಆಮೇಲೆ ಮಾದರಿಯನ್ನು ಹುಡುಕಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಯಂತ್ರದ ಒಳಗೆ ಏನು ನಡೆಯುತ್ತದೆ ಎಂಬುದು ತಿಳಿದಿದ್ದರೆ ಉಳಿದದ್ದು ಸುಲಭವಾಗುತ್ತದೆ. ಮನೆಬಳಕೆಗೆಂದು ಈ ಬಗೆಯ ಯಂತ್ರವನ್ನು ಇಟಲಿಯ ಸಾಯೆಕೊ ಕಂಪನಿ 1985ರಲ್ಲಿ ಹೊರತಂದಿತು. ಇಂದಿನ ಫಿಲಿಪ್ಸ್, ಡಿಲಾಂಗಿ, ಯೂರಾ ಯಂತ್ರಗಳೂ ಮೂಲತಃ ಅದೇ ಕ್ರಮದಲ್ಲಿ ಕೆಲಸ ಮಾಡುತ್ತವೆ. ಮೇಲಿನ ಡಬ್ಬಿಯಿಂದ ಬೀಜ ಗ್ರೈಂಡರಿಗೆ ಇಳಿಯುತ್ತದೆ. ಒಂದು ಕಾಫಿಗೆ 7ರಿಂದ 12 ಗ್ರಾಂ ಪುಡಿ ಬ್ರೂ ಗ್ರೂಪ್ ಎಂಬ ಭಾಗದೊಳಗೆ ಬೀಳುತ್ತದೆ. ಅಲ್ಲಿ ಅದು ಬಿಲ್ಲೆಯಾಗಿ ಅದುಮಲ್ಪಟ್ಟು, 90 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನ ನೀರು ಅದರ ಮೂಲಕ ಹಾಯುತ್ತದೆ. ಕೊನೆಗೆ ಸಾರ ಬಿಟ್ಟ ಚರಟ ಕೆಳಗಿನ ಪೆಟ್ಟಿಗೆಗೆ ಉದುರುತ್ತದೆ. ಎಸ್ಪ್ರೆಸೊ ಸರಿಯಾಗಿ ಇಳಿಯಲು ಬೇಕಾದ ಒತ್ತಡ ಸುಮಾರು 9 ಬಾರ್. ಡಬ್ಬದ ಮೇಲೆ ಬರೆದಿರುವ 15 ಅಥವಾ 19 ಬಾರ್ ಎಂಬುದು ಪಂಪಿನ ಗರಿಷ್ಠ ಸಾಮರ್ಥ್ಯ ಮಾತ್ರ, ಆದ್ದರಿಂದ 15ಕ್ಕಿಂತ 19 ಮೇಲು ಎಂದು ಹೆಚ್ಚು ಹಣ ಕೊಡುವ ಅಗತ್ಯವಿಲ್ಲ.

ಈಗ ನೀರಿನ ವಿಚಾರ. ಈ ಯಂತ್ರಗಳಲ್ಲಿ ನೀರು ಕಾಯುವುದು ಥರ್ಮೋಬ್ಲಾಕ್ ಎಂಬ ಲೋಹದ ಗಟ್ಟಿಯೊಳಗಿನ ಕಿರಿದಾದ ದಾರಿಯಲ್ಲಿ. ಗೀಸರಿನ ಕಾಯಿಲ್ ಮೇಲೆ, ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿಯ ಸುಣ್ಣ ಕಟ್ಟುವುದನ್ನು ನಾವೆಲ್ಲ ನೋಡಿದ್ದೇವೆ. ಅದೇ ಸುಣ್ಣ ಆ ಕಿರಿದಾದ ದಾರಿಯಲ್ಲಿ ಕಟ್ಟಿದರೆ ಮೊದಲು ಕಾಫಿಯ ಬಿಸಿ ಕಡಿಮೆಯಾಗುತ್ತದೆ, ಆಮೇಲೆ ಧಾರೆ ಸಣ್ಣಗಾಗುತ್ತದೆ, ಕೊನೆಗೆ ಪಂಪು ಸದ್ದು ಮಾಡುತ್ತದೆಯೇ ಹೊರತು ನೀರು ಬರುವುದಿಲ್ಲ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಒಟ್ಟು ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರಬಾರದು. ಬೇರೆ ನೀರಿನ ಮೂಲವೇ ಇಲ್ಲದಿದ್ದಾಗ 600ರವರೆಗೆ ಅವಕಾಶವಿದೆ. ಅಂದರೆ ಕುಡಿಯಲು ಅಡ್ಡಿಯಿಲ್ಲ ಎನಿಸಿಕೊಂಡ ನೀರೇ ಕಾಫಿ ಯಂತ್ರಕ್ಕೆ ತೀರಾ ಗಡಸಾಗಿರಬಹುದು. ಹೊಳೆ ನೀರು ನಲ್ಲಿಯಲ್ಲಿ ಬರುವ ಮನೆಗಳಲ್ಲೂ ಬೇಸಿಗೆಯಲ್ಲಿ ಬೋರ್‌ವೆಲ್ ನೀರು ಬೆರೆಯುವುದುಂಟು. ಹೀಗಾಗಿ ಒಮ್ಮೆ ಅಳೆದು ಸುಮ್ಮನಿರದೆ, ಮಳೆಗಾಲದಲ್ಲೊಮ್ಮೆ ಬೇಸಿಗೆಯಲ್ಲೊಮ್ಮೆ ಅಳೆಯಬೇಕು. ಅನೇಕ ಯಂತ್ರಗಳ ಡಬ್ಬದಲ್ಲಿ ಗಡಸುತನ ಅಳೆಯುವ ಕಾಗದದ ಪಟ್ಟಿ ಇರುತ್ತದೆ. ಅದನ್ನು ನೀರಿನಲ್ಲಿ ಅದ್ದಿ, ಬದಲಾದ ಬಣ್ಣ ನೋಡಿ, ಯಂತ್ರದ ಸೆಟ್ಟಿಂಗಿನಲ್ಲಿ ಆ ಹಂತವನ್ನು ತುಂಬಬೇಕು. ಇದನ್ನು ಮಾಡದಿದ್ದರೆ ಸುಣ್ಣ ತೆಗೆಯುವ ಸಮಯ ಬಂದಿದೆ ಎಂದು ಯಂತ್ರ ಎಚ್ಚರಿಸುವ ಹೊತ್ತಿಗೆ ಕೆಲಸ ಕೈಮೀರಿರುತ್ತದೆ.

ಹಾಗಾದರೆ ಆರ್‌ಒ ನೀರು ಹಾಕಿದರಾಯಿತಲ್ಲ ಎನ್ನಬಹುದು. ಕುಷ್ಟಗಿ, ಯಲಬುರ್ಗಾ, ಲಿಂಗಸುಗೂರಿನ ಕಡೆ ಫ್ಲೋರೈಡಿನ ಕಾರಣಕ್ಕೆ ಶುದ್ಧ ನೀರಿನ ಘಟಕದಿಂದ ಕ್ಯಾನು ತರುವ ಮನೆಗಳು ಯಂತ್ರಕ್ಕೂ ಅದನ್ನೇ ಹಾಕುವುದು ಸರಿ. ಯಂತ್ರದ ತೊಟ್ಟಿಯಲ್ಲಿ ಕೂರಿಸುವ ಫಿಲ್ಟರ್ ಸುಣ್ಣವನ್ನು ತಡೆಯಲು ಇರುವಂಥದ್ದು, ಫ್ಲೋರೈಡ್ ತೆಗೆಯಲು ಮಾಡಿದ್ದಲ್ಲ. ಆದರೆ ಲವಣಗಳೆಲ್ಲ ಹೋದ ನೀರಿನಲ್ಲಿ ಕಾಫಿ ಸಪ್ಪೆಯಾಗುತ್ತದೆ, ಏಕೆಂದರೆ ಪುಡಿಯ ಸಾರವನ್ನು ಎಳೆಯಲು ನೀರಿನಲ್ಲಿ ಸ್ವಲ್ಪ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರಲೇಬೇಕು. ಕಾಫಿಗೆ ಒಗ್ಗುವ ನೀರಿನ ಟಿಡಿಎಸ್ (ಲೀಟರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣ, ಮಿಲಿಗ್ರಾಂಗಳಲ್ಲಿ) 75ರಿಂದ 250ರ ನಡುವೆ, ಹೆಚ್ಚು ಕಡಿಮೆ 150 ಎಂದು ಕಾಫಿ ಪರಿಣತರು ಹೇಳುತ್ತಾರೆ. ಫ್ಲೋರೈಡಿನ ತೊಂದರೆಯಿಲ್ಲದ ಊರಾಗಿದ್ದು, ಮನೆಯ ಆರ್‌ಒದಲ್ಲಿ ಟಿಡಿಎಸ್ ಹೊಂದಿಸುವ ತಿರುಪು ಇದ್ದರೆ ನೂರರ ಮೇಲಕ್ಕೆ ಇಡಿಸಿಕೊಳ್ಳಿ. ಹೀಗೆ ಮಾಡಿದರೂ ಡಿಸ್ಕೇಲಿಂಗ್, ಅಂದರೆ ಸುಣ್ಣ ತೆಗೆಯುವ ಕೆಲಸ, ಪೂರ್ತಿ ತಪ್ಪುವುದಿಲ್ಲ, ಅದರ ಅಂತರ ಉದ್ದವಾಗುತ್ತದೆ ಅಷ್ಟೆ. ಅದಕ್ಕೆ ಕಂಪನಿ ಹೇಳಿದ ದ್ರಾವಣವನ್ನೇ ಬಳಸಬೇಕು. ವಿನೆಗರ್ ಹಾಕಿದರೆ ರಬ್ಬರ್ ಸೀಲುಗಳು ಹಾಳಾಗುವ ಸಂಭವವಿದೆ, ವಾಸನೆಯೂ ಬೇಗ ಬಿಡುವುದಿಲ್ಲ.

ಅಂಗಡಿಯಲ್ಲಿ ಯಂತ್ರದ ಮುಂದೆ ನಿಂತಾಗ ಮೊದಲು ಬದಿಯ ಬಾಗಿಲು ತೆಗೆಸಿ ನೋಡಿ. ಫಿಲಿಪ್ಸ್, ಡಿಲಾಂಗಿ ಯಂತ್ರಗಳಲ್ಲಿ ಬ್ರೂ ಗ್ರೂಪನ್ನು ಮನೆಯಲ್ಲೇ ಹೊರತೆಗೆಯಬಹುದು. ಹಿಡಿಯನ್ನು ಒತ್ತಿ ಎಳೆದರೆ ಅಂಗೈ ಅಗಲದ ಪ್ಲಾಸ್ಟಿಕ್ ಭಾಗವೊಂದು ಕೈಗೆ ಬರುತ್ತದೆ. ಅದರ ಮೇಲ್ತುದಿಯ ಸಣ್ಣ ಜಾಲರಿಯ ಸುತ್ತ ಕಪ್ಪು ಜಿಡ್ಡು ಅಂಟಿರುತ್ತದೆ, ಒಳಗೋಡೆಯ ಮೇಲೆ ಒದ್ದೆ ಪುಡಿ ಮೆತ್ತಿರುತ್ತದೆ. ವಾರಕ್ಕೊಮ್ಮೆ ಅದನ್ನು ಸೋಪಿಲ್ಲದೆ ಉಗುರುಬೆಚ್ಚನೆಯ ನೀರಿನಲ್ಲಿ ತೊಳೆದು, ಒಣಗಿಸಿ ಕೂರಿಸಬೇಕು. ಚಲಿಸುವಾಗ ಬಿಗಿಯೆನಿಸಿದರೆ ರಬ್ಬರ್ ಉಂಗುರಗಳಿಗೆ ಆಹಾರ ದರ್ಜೆಯ ಗ್ರೀಸ್ ಸವರಬೇಕು. ಯೂರಾದಂಥ ಯಂತ್ರಗಳಲ್ಲಿ ಈ ಭಾಗ ಒಳಗೇ ಕಾಯಂ ಆಗಿರುತ್ತದೆ, ಸ್ವಚ್ಛತೆಗೆ ಮಾತ್ರೆ ಹಾಕಿ ಯಂತ್ರದ ಕ್ರಮವನ್ನು ಓಡಿಸಬೇಕು. ಅದು ಕೈಗೆ ಕೊಳೆಯಿಲ್ಲದ ಕೆಲಸ, ನಿಜ. ಆದರೆ ಒಳಗೆ ಏನಾದರೂ ಸಿಲುಕಿದರೆ ಯಂತ್ರವನ್ನು ಬಿಚ್ಚಬಲ್ಲವರೇ ಬರಬೇಕು. ರಿಪೇರಿಯವರು ದೂರವಿರುವ ನಮ್ಮಂಥ ಊರುಗಳಲ್ಲಿ, ನಲವತ್ತು ಡಿಗ್ರಿ ದಾಟುವ ಬೇಸಿಗೆಯಲ್ಲಿ ಒದ್ದೆ ಪುಡಿಗೆ ಬೇಗ ಬೂಸು ಹಿಡಿಯುವ ಹವೆಯಲ್ಲಿ, ಕಳಚಬಹುದಾದ ಬ್ರೂ ಗ್ರೂಪನ್ನೇ ಆರಿಸಿ ಎಂದು ಯಾವ ಹಿಂಜರಿಕೆಯೂ ಇಲ್ಲದೆ ಹೇಳುತ್ತೇನೆ. ಚರಟದ ಪೆಟ್ಟಿಗೆಯನ್ನು ತುಂಬುವವರೆಗೆ ಬಿಡದೆ ದಿನಾ ಸಂಜೆ ಖಾಲಿ ಮಾಡುವುದೂ ಇದೇ ಕಾರಣಕ್ಕೆ. ಆ ಚರಟವನ್ನು ಹಿತ್ತಲ ಗಿಡಗಳ ಬುಡಕ್ಕೆ ಹಾಕಬಹುದು.

ಹಾಲಿನ ವ್ಯವಸ್ಥೆಯಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ. ಒಂದು, ಹಬೆಯ ಕೊಳವೆ: ಪಾತ್ರೆಯಲ್ಲಿ ಹಾಲಿಟ್ಟು ನಾವೇ ನೊರೆ ಎಬ್ಬಿಸಬೇಕು. ಎರಡು, ಸಣ್ಣ ನಳಿಕೆಯಿಂದ ಹಾಲನ್ನು ಎಳೆದು ತಾನೇ ನೊರೆ ಮಾಡುವ ಜಗ್ಗು. ಮೂರು, ನಳಿಕೆಯೇ ಇಲ್ಲದೆ ಎರಡು ತುಂಡಾಗಿ ಬಿಡಿಸಿ ತೊಳೆಯಬಹುದಾದ ಜಗ್ಗು, ಫಿಲಿಪ್ಸ್‌ನ ಲಾಟೆಗೋ ಇದಕ್ಕೆ ಉದಾಹರಣೆ. ತಯಾರಕರು ಇವನ್ನು ರೂಪಿಸುವಾಗ ಫ್ರಿಜ್ಜಿನಿಂದ ತೆಗೆದ ತಣ್ಣನೆಯ, ಕೆನೆ ಕಟ್ಟದ ಹಾಲನ್ನು ಮನಸ್ಸಿನಲ್ಲಿಟ್ಟಿರುತ್ತಾರೆ. ನಮ್ಮ ಅಡುಗೆಮನೆಯಲ್ಲಿ ಹಾಲು ಬಂದ ಕೂಡಲೇ ಉಕ್ಕಿಸಿ ಇಡುವುದು ವಾಡಿಕೆ; ಆರಿದ ಮೇಲೆ ಮೇಲೆ ಕೆನೆ ಕಟ್ಟುತ್ತದೆ, ಆ ಕೆನೆಯ ತುಣುಕು ನಳಿಕೆಗೆ ಹೋದರೆ ನೊರೆ ನಿಂತೇ ಹೋಗುತ್ತದೆ. ಪ್ಯಾಕೆಟ್ ಹಾಲು ಪಾಶ್ಚರೀಕರಿಸಿದ್ದಾದ್ದರಿಂದ ಸದಾ ತಣ್ಣಗೆ ಇಟ್ಟ, ಅವಧಿ ಮೀರದ ನಂದಿನಿ ಟೋನ್ಡ್ ಹಾಲನ್ನು ನೇರವಾಗಿ ಜಗ್ಗಿಗೆ ಹಾಕಬಹುದು. ಅದರಲ್ಲಿ ಕೊಬ್ಬು 3 ಶೇಕಡ, ಕೊಬ್ಬೇತರ ಘನಾಂಶ 8.5 ಶೇಕಡ, ನೊರೆ ನಿಲ್ಲುವುದು ಹಾಲಿನ ಪ್ರೋಟೀನಿನಿಂದಾದ್ದರಿಂದ ಇದರಲ್ಲಿ ಒಳ್ಳೆಯ ನೊರೆಯೇ ಬರುತ್ತದೆ. ಮನೆಗೆ ಎಮ್ಮೆಯ ಹಸಿ ಹಾಲು ತರಿಸುವವರು ಕಾಯಿಸಿ, ಫ್ರಿಜ್ಜಿನಲ್ಲಿ ಆರಿಸಿ, ಸೋಸಿಯೇ ಹಾಕಬೇಕು. ಅಂಥವರಿಗೆ ನಳಿಕೆಯ ಜಗ್ಗಿಗಿಂತ ಹಬೆಯ ಕೊಳವೆಯೇ ವಾಸಿ, ಒದ್ದೆ ಬಟ್ಟೆಯಿಂದ ಒರೆಸಿ ಒಮ್ಮೆ ಹಬೆ ಬಿಟ್ಟರೆ ಅದು ಶುದ್ಧ.

ಬಿಸಿಯ ವಿಚಾರದಲ್ಲೂ ಈ ಕೊಳವೆಗೆ ನನ್ನ ಒಲವು ಇದೆ. ಜಗ್ಗುಗಳಿಂದ ಬರುವ ಹಾಲು ಸಾಮಾನ್ಯವಾಗಿ 60 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಹೊಗೆಯಾಡುವ ಚಹಾ ಕುಡಿದು ಬೆಳೆದ ನಾಲಗೆಗೆ ಅದು ಆರಿದ ಕಾಫಿ ಎನಿಸುತ್ತದೆ, ಮನೆಯ ಹಿರಿಯರಂತೂ ಮತ್ತೊಮ್ಮೆ ಬಿಸಿ ಮಾಡಿ ಕೊಡಿ ಎನ್ನುತ್ತಾರೆ. ಕೊಳವೆಯಲ್ಲಾದರೆ 70 ಡಿಗ್ರಿಯವರೆಗೆ ಕಾಯಿಸಬಹುದು. ಜಗ್ಗಿನ ಯಂತ್ರವನ್ನೇ ಕೊಳ್ಳುವುದಾದರೆ ಹಾಲಿನ ಬಿಸಿಯನ್ನು ಹೆಚ್ಚಿಸುವ ಸೆಟ್ಟಿಂಗ್ ಇದೆಯೇ ಎಂದು ಕೇಳಿ, ಲೋಟಕ್ಕೆ ಮೊದಲು ಬಿಸಿನೀರು ಬಿಟ್ಟು ಚೆಲ್ಲುವ ಅಭ್ಯಾಸ ಮಾಡಿಕೊಳ್ಳಿ.

ಫಿಲ್ಟರ್ ಕಾಫಿಯ ಚಿಕೋರಿ ಪುಡಿ ಈ ಯಂತ್ರಕ್ಕೆ ಒಗ್ಗುವುದಿಲ್ಲ ಎಂಬುದನ್ನು ಕೊಳ್ಳುವ ಮುಂಚೆಯೇ ಮನೆಯವರಿಗೆಲ್ಲ ತಿಳಿಸುವುದು ಒಳಿತು. ಅಂಗಡಿಯ ಕಾಫಿ–ಚಿಕೋರಿ ಮಿಶ್ರಣದಲ್ಲಿ ಚಿಕೋರಿ 49 ಶೇಕಡದವರೆಗೂ ಇರಬಹುದು. ಪುಡಿ ಹಾಕಲೆಂದು ಯಂತ್ರದ ಮೇಲೆ ಬೇರೆ ಬಾಯಿ ಇದ್ದರೂ, ಚಿಕೋರಿ ನೀರು ಹೀರಿ ಅಂಟಾಗಿ ಜಾಲರಿಯನ್ನು ಮುಚ್ಚಿಬಿಡುತ್ತದೆ. ಚಿಕೋರಿಯ ಆ ದಪ್ಪ ರುಚಿಯೇ ಬೇಕೆನ್ನುವ ಮನೆ ಹಿತ್ತಾಳೆಯ ಫಿಲ್ಟರಿನಲ್ಲೇ ಸುಖವಾಗಿರುತ್ತದೆ, ಅಂಥವರು ಈ ಯಂತ್ರಕ್ಕೆ ಹಣ ಹಾಕದಿರುವುದೇ ಮೇಲು. ಬೀಜ ಕೊಳ್ಳುವಾಗ ಚಿಕ್ಕಮಗಳೂರು ಅಥವಾ ಕೊಡಗಿನ ಅರೇಬಿಕಾಗೆ ಸ್ವಲ್ಪ ರೋಬಸ್ಟಾ ಬೆರೆತ, ನಡುಮಟ್ಟಕ್ಕೆ ಹುರಿದ ಬೀಜ ಹಾಲಿನ ಕಾಫಿಗೆ ಹೊಂದುತ್ತದೆ. ರೋಬಸ್ಟಾದಿಂದ ಗಟ್ಟಿತನವೂ ಮೇಲಿನ ಕೆನೆನೊರೆಯೂ ಬರುತ್ತವೆ. ಕಪ್ಪಗೆ ಹುರಿದು ಎಣ್ಣೆ ಮಿನುಗುವ ಬೀಜ ಡಬ್ಬಿಯ ಗೋಡೆಗೆ ಅಂಟಿ ಗ್ರೈಂಡರಿಗೆ ಜಾರುವುದಿಲ್ಲ, ಸಕ್ಕರೆ ಅಥವಾ ಸುವಾಸನೆ ಲೇಪಿಸಿದ ಬೀಜವನ್ನಂತೂ ಹಾಕಲೇಬಾರದು. ಕಿಲೋಗೆ 1,000 ರೂಪಾಯಿಯ ಬೀಜವಾದರೆ 9 ಗ್ರಾಮಿನ ಒಂದು ಕಾಫಿಗೆ ಬೀಜದ ಖರ್ಚು 9 ರೂಪಾಯಿ. ದಿನಕ್ಕೆ ಎಂಟು ಕಾಫಿಯ ಮನೆಗೆ ತಿಂಗಳಿಗೆ ಎರಡು ಕಿಲೋಗಿಂತ ತುಸು ಹೆಚ್ಚು ಬೇಕಾಗುತ್ತದೆ. ಬೇಸಿಗೆಯಲ್ಲಿ ಡಬ್ಬಿಯಲ್ಲಿ ಎರಡು ಮೂರು ದಿನಕ್ಕಾಗುವಷ್ಟೇ ಬೀಜ ತುಂಬಿ.

ಗ್ರೈಂಡರ್ ಉಕ್ಕಿನದೋ ಸೆರಾಮಿಕ್ಕಿನದೋ ಎಂಬುದಕ್ಕೆ ತಲೆ ಕೆಡಿಸಿಕೊಳ್ಳಬೇಡಿ; ಎರಡೂ ಮನೆಬಳಕೆಯಲ್ಲಿ ವರ್ಷಗಟ್ಟಲೆ ಬಾಳುತ್ತವೆ. ನುಣುಪಿನ ಹಂತಗಳಿರಬೇಕು, ಅಷ್ಟು ಸಾಕು. ಆ ಹಂತಗಳನ್ನು ಬದಲಿಸುವ ತಿರುಪನ್ನು ಗ್ರೈಂಡರ್ ಓಡುತ್ತಿರುವಾಗ ಮಾತ್ರ, ಒಂದೊಂದೇ ಹಂತ ತಿರುಗಿಸಬೇಕು. ಬದಲಾವಣೆ ಎರಡು ಮೂರು ಕಾಫಿಗಳಾದ ಮೇಲೆಯೇ ತಿಳಿಯುತ್ತದೆ. ನೀರಾಗಿ, ಹುಳಿಯಾಗಿ ಇಳಿದರೆ ಇನ್ನಷ್ಟು ನುಣುಪು ಬೇಕು. ಹನಿಹನಿಯಾಗಿ ಇಳಿದು ಕಹಿಯಾದರೆ ಸ್ವಲ್ಪ ತರಿಯಾಗಬೇಕು.

ವಿದ್ಯುತ್ತಿನ ಕಡೆ ಬಂದರೆ, ಈ ಯಂತ್ರಗಳು ಸುಮಾರು 1,500 ವಾಟ್ ಎಳೆಯುತ್ತವೆ. 230 ವೋಲ್ಟಿನಲ್ಲಿ ಅದು 6 ಆಂಪಿಯರನ್ನು ಮೀರುವುದರಿಂದ ಮಿಕ್ಸಿಯ ಸಣ್ಣ ಸಾಕೆಟ್ ಸಾಲದು, 16 ಆಂಪಿಯರಿನ ಸಾಕೆಟ್ಟೇ ಬೇಕು. ಮನೆಯ ಸಾಧಾರಣ ಇನ್ವರ್ಟರ್ ಇದನ್ನು ಹೊರುವುದಿಲ್ಲ. ವೋಲ್ಟೇಜ್ ಏರಿಳಿಯುವ ಬಡಾವಣೆಗಳಲ್ಲಿ 2 ಕೆವಿಎಗೆ ಕಡಿಮೆಯಿಲ್ಲದ ಸ್ಟೆಬಿಲೈಸರ್ ಹಾಕಿಸಿ. ಕಾಫಿ ಇಳಿಯುವ ನಡುವೆಯೇ ಕರೆಂಟು ಹೋದರೆ ಬ್ರೂ ಗ್ರೂಪ್ ಅರ್ಧದಾರಿಯಲ್ಲಿ ನಿಲ್ಲುತ್ತದೆ. ಆಗ ಬಾಗಿಲು ತೆಗೆದು ಎಳೆದಾಡಬಾರದು. ಕರೆಂಟು ಬಂದ ಮೇಲೆ ಯಂತ್ರ ಅದನ್ನು ತಾನೇ ತನ್ನ ಸ್ಥಾನಕ್ಕೆ ತರುತ್ತದೆ. ಆರಿಸುವಾಗಲೂ ಗೋಡೆಯ ಸ್ವಿಚ್ ಒತ್ತದೆ ಯಂತ್ರದ ಗುಂಡಿಯನ್ನೇ ಬಳಸಿ. ಅಮೆರಿಕದಲ್ಲಿರುವ ನೆಂಟರ ಕೈಯಲ್ಲಿ ತರಿಸುವ ಯೋಚನೆಯಿದ್ದರೆ ಬಿಟ್ಟುಬಿಡಿ: ಅಲ್ಲಿನದು 120 ವೋಲ್ಟಿನ ಯಂತ್ರ, ಇಲ್ಲಿ ವಾರಂಟಿಯೂ ಸಿಗುವುದು ಕಷ್ಟ.

ಇಡುವ ಜಾಗ ಒಲೆಯಿಂದ ದೂರವಿರಲಿ, ಒಗ್ಗರಣೆಯ ಹೊಗೆಯನ್ನೂ ಘಾಟನ್ನೂ ಬೀಜ ಬೇಗ ಹೀರಿಕೊಳ್ಳುತ್ತದೆ. ಸಂಡೂರು, ತೋರಣಗಲ್ಲಿನ ಕಡೆಯ ಮನೆಗಳಲ್ಲಿ ಅದಿರಿನ ಕೆಂಪು ಧೂಳು ಕೂರದಂತೆ ರಾತ್ರಿ ಬಟ್ಟೆ ಮುಚ್ಚಬೇಕು. ನೀವು ದಿನಾ ಕುಡಿಯುವ ಸ್ಟೀಲ್ ಲೋಟವನ್ನು ಅಂಗಡಿಗೆ ಕೊಂಡೊಯ್ದು ನಳದ ಕೆಳಗೆ ಇಟ್ಟು ನೋಡಿ. ಹೆಚ್ಚಿನ ಮಾದರಿಗಳಲ್ಲಿ ನಳವನ್ನು ಅಂದಾಜು 8ರಿಂದ 14 ಸೆಂಟಿಮೀಟರಿನವರೆಗೆ ಏರಿಸಬಹುದು, ಎತ್ತರದ ಲೋಟ ಹಿಡಿಸದೆಯೂ ಹೋಗಬಹುದು.

ಉಳಿದದ್ದು ದುರಸ್ತಿಯ ಪ್ರಶ್ನೆ. ಹಣ ಕೊಡುವ ಮುನ್ನ ಕಂಪನಿಯ ಗ್ರಾಹಕ ಸಂಖ್ಯೆಗೆ ಕರೆ ಮಾಡಿ ನಿಮ್ಮ ಪಿನ್‌ಕೋಡ್ ಹೇಳಿ, ಮನೆಗೆ ಬಂದು ರಿಪೇರಿ ಮಾಡುತ್ತಾರೋ, ಯಂತ್ರವನ್ನು ನಾವೇ ಕಳಿಸಬೇಕೋ, ಕಳಿಸುವ ಖರ್ಚು ಯಾರದು ಎಂದು ಸ್ಪಷ್ಟವಾಗಿ ಕೇಳಿ. ಉತ್ತರವನ್ನು ಸಂದೇಶದಲ್ಲೋ ಇಮೇಲಿನಲ್ಲೋ ಪಡೆಯಿರಿ. ರಾಯಚೂರಿನವರಿಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ, ಆದರೆ ಕಂಪನಿಯ ಲೆಕ್ಕದಲ್ಲಿ ನಿಮ್ಮ ಜಿಲ್ಲೆ ಯಾವ ಕೇಂದ್ರಕ್ಕೆ ಸೇರಿದೆ ಎಂಬುದೇ ಮುಖ್ಯ. ಸುಣ್ಣ ಕಟ್ಟಿ ಕೆಟ್ಟರೆ ವಾರಂಟಿ ಅನ್ವಯಿಸುತ್ತದೆಯೇ ಎಂಬ ಷರತ್ತನ್ನು ಓದಿ, ಡಿಸ್ಕೇಲಿಂಗ್ ದ್ರಾವಣದ ಬಿಲ್ಲುಗಳನ್ನು ಜೋಪಾನವಾಗಿಡಿ. ಯಂತ್ರ ಬಂದ ಡಬ್ಬವನ್ನು ಥರ್ಮಾಕೋಲ್ ಸಮೇತ ವಾರಂಟಿ ಮುಗಿಯುವವರೆಗೆ ಅಟ್ಟದಲ್ಲಿಡಿ; ಕಳಿಸಬೇಕಾಗಿ ಬಂದ ದಿನ ನೀರಿನ ತೊಟ್ಟಿ, ಚರಟದ ಪೆಟ್ಟಿಗೆ, ಬೀಜದ ಡಬ್ಬಿ ಮೂರನ್ನೂ ಖಾಲಿ ಮಾಡಿ, ಒರೆಸಿ, ಅದೇ ಡಬ್ಬದಲ್ಲಿ ಕಟ್ಟಿ ಕಳಿಸಿ.