ಟೈಲ್ಸ್ ಒಡೆಯುವ ಮುನ್ನ ನಾತದ ಮೂಲ ಹುಡುಕಿ

ಋಷಿಮೂಲ, ನದಿಮೂಲ ಹುಡುಕಬಾರದು ಎನ್ನುತ್ತಾರೆ. ಬಚ್ಚಲುಮನೆಯ ನಾತದ ಮೂಲವನ್ನು ಮಾತ್ರ ಹುಡುಕದೆ ಗತಿಯಿಲ್ಲ. ಹೆಚ್ಚಿನ ಮನೆಗಳಲ್ಲಿ ಹುಡುಕುವ ಗೋಜಿಗೆ ಯಾರೂ ಹೋಗುವುದಿಲ್ಲ. ಮೊದಲು ಫಿನಾಯಿಲ್, ಅದಕ್ಕೂ ಬಗ್ಗದಿದ್ದರೆ ಆಸಿಡ್, ಆಮೇಲೆ ಗೋಡೆಗೆ ನೇತುಹಾಕುವ ಸುಗಂಧದ ಪೊಟ್ಟಣ, ಕಡೆಗೆ ಉಳಿ ಸುತ್ತಿಗೆ ಹಿಡಿದ ಪ್ಲಂಬರ್. ನೆಲ ಅಗೆದ ಮೇಲೂ ನಾತ ಹಾಗೇ ಉಳಿದ ಮನೆಗಳು ಬೇಕಾದಷ್ಟಿವೆ. ಪ್ಲಂಬರನ್ನು ಕರೆಯುವ ಮೊದಲು ಒಂದು ಟಾರ್ಚ್, ಪೊರಕೆಯ ಕಡ್ಡಿ, ನಾಲ್ಕಾರು ಪ್ಲಾಸ್ಟಿಕ್ ಚೀಲ ಮತ್ತು ಊದುಬತ್ತಿ ಇಟ್ಟುಕೊಂಡು ನೀವೇ ಪತ್ತೇದಾರಿಕೆ ಮಾಡಬಹುದು.

ಮೊದಲು ಒಂದು ವಿಷಯ ತಿಳಿದಿರಲಿ. ಬಚ್ಚಲಿನ ಪ್ರತಿ ಕೊಳವೆಯೂ ಕೊನೆಗೆ ಒಳಚರಂಡಿಗೋ ಸೆಪ್ಟಿಕ್ ಟ್ಯಾಂಕಿಗೋ ಸೇರುತ್ತದೆ. ಅಲ್ಲಿನ ಗಾಳಿ ನಮ್ಮ ಮನೆಗೆ ನುಗ್ಗದಂತೆ ತಡೆದಿರುವುದು ಕೊಳವೆಯ ಬಾಗಿನಲ್ಲಿ ನಿಂತ ಒಂದಿಷ್ಟು ನೀರು. ಕಮೋಡ್‌ನೊಳಗಿನ ಬಾಗು, ವಾಷ್ ಬೇಸಿನ್ ಕೆಳಗಿನ ಬಾಟಲ್ ಟ್ರ್ಯಾಪ್, ನೆಲದ ಜಾಲರಿಯ ಕೆಳಗೆ ಹುದುಗಿರುವ ನಹಾನಿ ಟ್ರ್ಯಾಪ್, ಮೂರರ ಕೆಲಸವೂ ಇದೇ. ಈ ನೀರಿನ ತಡೆ ಕನಿಷ್ಠ 50 ಮಿಲಿಮೀಟರ್, ಅಂದರೆ ಸುಮಾರು ಎರಡು ಇಂಚು ಇರಬೇಕು. ನಾತ ಬರುತ್ತಿದೆ ಎಂದರೆ ಎಲ್ಲೋ ಈ ನೀರು ಇಲ್ಲ, ಅಥವಾ ನೀರನ್ನು ತಪ್ಪಿಸಿಕೊಂಡು ಗಾಳಿ ಬೇರೆ ದಾರಿ ಹಿಡಿದಿದೆ. ಕೊಳೆತ ಮೊಟ್ಟೆಯಂಥ ವಾಸನೆ ಹೈಡ್ರೋಜನ್ ಸಲ್ಫೈಡ್‌ನದು. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲಿಗಿಂತ ಕಡಿಮೆ ಇದ್ದರೂ ಮೂಗಿಗೆ ಅದು ಗೊತ್ತಾಗುತ್ತದೆ. ಹಾಗಾಗಿ ಕೂದಲೆಳೆಯ ಬಿರುಕೂ ಮನೆಯನ್ನೆಲ್ಲ ಕೆಡಿಸಬಲ್ಲದು.

ಹಂತ 1: ವಾಸನೆಯ ಹೊತ್ತು ಗುರುತಿಸಿ

ಎರಡು ಮೂರು ದಿನ ಏನೂ ಮಾಡದೆ ಗಮನಿಸಿ, ಬರೆದಿಡಿ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಗಪ್ಪೆಂದು ಹೊಡೆಯುತ್ತದೆಯೇ? ಫ್ಲಶ್ ಮಾಡಿದ ಮೇಲೆ ಬರುತ್ತದೆಯೇ? ವಾಷಿಂಗ್ ಮಷಿನ್ ನೀರು ಬಿಟ್ಟಾಗ, ಎಕ್ಸಾಸ್ಟ್ ಫ್ಯಾನ್ ಹಾಕಿದಾಗ, ಜೋರು ಮಳೆ ಬಂದಾಗ ಹೆಚ್ಚುತ್ತದೆಯೇ? ಅರ್ಧ ಉತ್ತರ ಇಲ್ಲೇ ಸಿಗುತ್ತದೆ. ಮೂಗು ಬೇಗ ದಣಿಯುತ್ತದೆ ಎನ್ನುವುದೂ ನೆನಪಿರಲಿ. ಒಳಗೆ ಐದು ನಿಮಿಷ ನಿಂತವರಿಗೆ ವಾಸನೆಯೇ ಇಲ್ಲವೆನಿಸಬಹುದು. ಹೊರಗೆ ಹೋಗಿ ತಿರುಗಾಡಿ ಬಂದು ಮತ್ತೆ ಮೂಸಬೇಕು, ಇಲ್ಲವೇ ಹೊರಗಿನಿಂದ ಬಂದವರನ್ನೇ ಕೇಳಬೇಕು. ನೆಂಟರು ದಾಕ್ಷಿಣ್ಯಕ್ಕೆ ಸುಳ್ಳು ಹೇಳುತ್ತಾರೆ. ಮಕ್ಕಳನ್ನು ಕೇಳುವುದು ವಾಸಿ.

ಬಿಸಿನೀರು ಬಿಟ್ಟಾಗ ಮಾತ್ರ ನಾತವಿದ್ದರೆ ಚರಂಡಿಯನ್ನು ಬೈಯಬೇಡಿ. ಒಂದು ಲೋಟ ಬಿಸಿನೀರು, ಒಂದು ಲೋಟ ತಣ್ಣೀರು ಹಿಡಿದು ಬಾಲ್ಕನಿಗೆ ಒಯ್ದು ಮೂಸಿ. ಬಿಸಿನೀರಷ್ಟೇ ನಾರಿದರೆ ತೊಂದರೆ ಗೀಸರ್‌ನೊಳಗಿದೆ: ಟ್ಯಾಂಕ್ ತುಕ್ಕು ಹಿಡಿಯದಂತೆ ಅಲ್ಲಿ ಇಟ್ಟಿರುವ ಮೆಗ್ನೀಸಿಯಂ ಸರಳು ಮತ್ತು ನೀರಿನ ಸಲ್ಫೇಟ್ ತಿನ್ನುವ ಬ್ಯಾಕ್ಟೀರಿಯಾ ಸೇರಿ ಈ ಕೆಲಸ ಮಾಡುತ್ತವೆ. ಕೊಳವೆಬಾವಿ ನೀರಿನ ಮನೆಗಳಲ್ಲಿ ಇದು ಹೊಸತಲ್ಲ. ಗೀಸರ್ ಖಾಲಿ ಮಾಡಿಸಿ ತೊಳೆಸಿ, ಸರಳನ್ನು ಪರೀಕ್ಷಿಸಲು ಹೇಳಿ. ಎರಡೂ ಲೋಟ ನಾರಿದರೆ ಸಂಪು ಅಥವಾ ಮೇಲಿನ ಟ್ಯಾಂಕ್ ನೋಡಬೇಕು.

ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಇದ್ದವರಿಗೆ ಒಂದು ಎಚ್ಚರಿಕೆ. ಸೋರಿಕೆ ಗೊತ್ತಾಗಲೆಂದು ಅಡುಗೆ ಅನಿಲಕ್ಕೆ ಬೆರೆಸುವ ವಸ್ತುವಿನ ವಾಸನೆಯೂ ಗಂಧಕದ ಜಾತಿಯದೇ. ಸಂಶಯ ಬಂದರೆ ಮುಂದಿನ ಯಾವ ಪರೀಕ್ಷೆಯೂ ಬೇಡ, ಊದುಬತ್ತಿಯಂತೂ ಬೇಡವೇ ಬೇಡ. ಸ್ವಿಚ್ ಮುಟ್ಟದೆ ಸಿಲಿಂಡರ್ ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ತೆರೆದು, ಹೊರಗೆ ಬಂದು ಗ್ಯಾಸ್ ಏಜೆನ್ಸಿಗೆ ಫೋನ್ ಮಾಡಿ.

ಹಂತ 2: ನೀರು ಹುಯ್ದು ನೋಡಿ

ನೆಲದ ಪ್ರತಿ ಜಾಲರಿಗೂ, ಬೇಸಿನ್‌ಗೂ ಅರ್ಧ ಬಕೆಟ್ ನೀರು ಹುಯ್ಯಿರಿ. ಕಮೋಡ್ ಫ್ಲಶ್ ಮಾಡಿ. ಬಾಗಿಲು ಮುಚ್ಚಿ ಕೆಲವು ಗಂಟೆ ಬಿಡಿ. ನಾತ ಹೋದರೆ ಕಾಯಿಲೆಯೂ ಗೊತ್ತಾಯಿತು, ಮದ್ದೂ ಆಯಿತು: ಟ್ರ್ಯಾಪ್ ಒಣಗಿತ್ತು. ಬೇಸಿಗೆ ರಜೆಗೆ ಊರಿಗೆ ಹೋಗಿ ಬಂದವರು, ಅತಿಥಿಗಳ ಕೋಣೆಯ ಬಚ್ಚಲನ್ನು ಹಬ್ಬಕ್ಕೊಮ್ಮೆ ತೆರೆಯುವವರು ಅನುಭವಿಸುವ ತೊಂದರೆ ಇದು. ಬಳಸದ ಬಚ್ಚಲಿಗೆ ವಾರಕ್ಕೊಮ್ಮೆ ಒಂದು ತಂಬಿಗೆ ನೀರು ಹಾಕಿದರೆ ಸಾಕು. ತಿಂಗಳುಗಟ್ಟಲೆ ಮನೆ ಬೀಗ ಹಾಕುವವರು ಹೊರಡುವ ಮೊದಲು ಟ್ರ್ಯಾಪಿನ ನೀರಿನ ಮೇಲೆ ಎರಡು ಚಮಚ ಎಣ್ಣೆ ಬಿಡಬಹುದು, ನೀರು ಆರುವುದು ನಿಧಾನವಾಗುತ್ತದೆ. ಕೊಬ್ಬರಿ ಎಣ್ಣೆ ಬೇಡ. 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ, ಬೆಂಗಳೂರಿನ ಡಿಸೆಂಬರಿನಲ್ಲಿ ಕೇಳುವುದೇ ಬೇಡ. ಅಡುಗೆ ಎಣ್ಣೆ ಕಮಟುತ್ತದೆ. ಔಷಧ ಅಂಗಡಿಯಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್ ಒಳ್ಳೆಯದು.

ಹಂತ 3: ಜಾಲರಿ ಎತ್ತಿ, ಕಡ್ಡಿ ಇಳಿಸಿ

ನನ್ನ ಅನುಮಾನದ ಪಟ್ಟಿಯಲ್ಲಿ ನೆಲದ ಟ್ರ್ಯಾಪಿಗೇ ಮೊದಲ ಸ್ಥಾನ. ಜಾಲರಿ ತೆಗೆದು ಟಾರ್ಚ್ ಬಿಡಿ. ಬೆಳಕು ನೀರಿನ ಮೇಲೆ ಬಿದ್ದು ಹೊಳೆಯಬೇಕು. ನೀರಿನ ಬದಲು ಕಪ್ಪು ಕೊಳವೆ ಕಂಡರೆ ಅಲ್ಲಿ ಟ್ರ್ಯಾಪೇ ಇಲ್ಲ ಎಂದರ್ಥ. ಗಾರೆಯವರು ಅವಸರದಲ್ಲಿ ಬರೀ ಒಂದು ಎಲ್ಬೋ (ನೀರು ನಿಲ್ಲದ ಬಾಗು ಕೊಳವೆ) ಕೂರಿಸಿ ಮೇಲೆ ಟೈಲ್ಸ್ ಹಾಕಿ ಹೋದ ಮನೆಗಳಿವೆ.

ನೀರು ಕಂಡರೆ ತೆಂಗಿನ ಪೊರಕೆಯ ಒಂದು ಕಡ್ಡಿಯನ್ನು ತಳ ಮುಟ್ಟುವವರೆಗೆ ಇಳಿಸಿ. ಒದ್ದೆಯಾದ ಕಡೆ ಪೆನ್ನಿನಿಂದ ಗೆರೆ ಹಾಕಿ. ರಾತ್ರಿಯಿಡೀ ಬಚ್ಚಲು ಬಳಸದೆ ಬೆಳಿಗ್ಗೆ ಅದೇ ಕಡ್ಡಿ ಇಳಿಸಿ ನೋಡಿ. ಗೆರೆಗಿಂತ ಕೆಳಗಿಳಿದಿದ್ದರೆ ನೀರು ಎಲ್ಲೋ ಹೋಗುತ್ತಿದೆ. ಒಂದು ರಾತ್ರಿಯಲ್ಲಿ ಅಷ್ಟು ನೀರು ಆರಲಾರದು. ಟ್ರ್ಯಾಪ್ ಸೀಳಿರಬೇಕು, ಕೂದಲು ಮತ್ತು ಬಟ್ಟೆಯ ಎಳೆ ಬಾಗಿನ ಆಚೆಗೆ ಜೋತುಬಿದ್ದು ನೀರನ್ನು ಬತ್ತಿಯಂತೆ ಎಳೆದುಹಾಕುತ್ತಿರಬೇಕು, ಇಲ್ಲವೇ ಯಾರೋ ಫ್ಲಶ್ ಮಾಡಿದಾಗ ಕೊಳವೆಯಲ್ಲಿ ಉಂಟಾದ ಸೆಳೆತ ಅದನ್ನು ಹೀರಿರಬೇಕು. ಕೂದಲನ್ನು ಕೊಕ್ಕೆ ತಂತಿಯಿಂದ ಎಳೆದು ತೆಗೆಯುವುದು ಸುಲಭ. ನೋಡಲು ಅಸಹ್ಯ, ಆದರೆ ಅರ್ಧ ನಾತ ಅದರಲ್ಲೇ ಕೂತಿರುತ್ತದೆ.

ಜಿರಲೆ ಬರದಂತೆ ಮಾಡಿದ ಜಾಲರಿಗಳಲ್ಲಿ ಕೆಳಗೊಂದು ಬಟ್ಟಲು ಇರುತ್ತದೆ. ನೀರು ಅದರಲ್ಲಿ ನಿಂತು ತಡೆಯಾಗುತ್ತದೆ. ನೀರು ನಿಧಾನವಾಗಿ ಹೋಗುತ್ತದೆಂದು ಮನೆಗೆಲಸದವರೋ ನಾವೋ ಬಟ್ಟಲನ್ನು ತೆಗೆದು ಪಕ್ಕಕ್ಕಿಟ್ಟು, ಜಾಲರಿಯನ್ನಷ್ಟೇ ವಾಪಸ್ ಮುಚ್ಚುತ್ತೇವೆ. ನಾನು ನೋಡಿದ ಒಂದು ಮನೆಯಲ್ಲಿ ಆ ಬಟ್ಟಲು ಕಿಟಕಿಯ ಮೇಲೆ ಸೋಪಿನ ಚೂರು ಇಡುವ ಪಾತ್ರೆಯಾಗಿತ್ತು, ಮನೆಯವರು ಮಾತ್ರ ನೆಲ ಒಡೆಸಲು ದರ ವಿಚಾರಿಸುತ್ತಿದ್ದರು.

ಹಂತ 4: ಒಂದೊಂದೇ ಬಾಯಿ ಮುಚ್ಚಿ

ಇದು ಇಡೀ ಪತ್ತೆಯ ತಿರುಳು. ಗಟ್ಟಿ ಪ್ಲಾಸ್ಟಿಕ್ ಚೀಲಕ್ಕೆ ಅರ್ಧದಷ್ಟು ನೀರು ತುಂಬಿ ಗಂಟು ಹಾಕಿ ಜಾಲರಿಯ ಮೇಲಿಡಿ. ನೀರಿನ ಭಾರಕ್ಕೆ ಚೀಲ ನೆಲಕ್ಕೆ ಅಂಟಿಕೊಂಡು ಗಾಳಿಯನ್ನು ತಡೆಯುತ್ತದೆ. ಕಮೋಡ್ ಬಾಯಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಟೇಪ್ ಹಾಕಿ. ಬೇಸಿನ್ ರಂಧ್ರವನ್ನೂ, ಅದರ ಮೇಲಂಚಿನ ಸಣ್ಣ ತೂತನ್ನೂ ಟೇಪಿನಿಂದ ಮುಚ್ಚಿ. ಎಲ್ಲವನ್ನೂ ಮುಚ್ಚಿ ಒಂದು ರಾತ್ರಿ ಬಾಗಿಲು ಹಾಕಿ. ಬೆಳಿಗ್ಗೆ ವಾಸನೆ ಇಲ್ಲವೆಂದರೆ ದಾರಿ ಈ ಬಾಯಿಗಳಲ್ಲೇ ಒಂದು. ಮಾರನೆಯ ರಾತ್ರಿಯಿಂದ ಒಂದೊಂದನ್ನೇ ತೆರೆಯುತ್ತ ಹೋಗಿ. ಯಾವುದನ್ನು ತೆರೆದ ದಿನ ನಾತ ಮರಳುತ್ತದೋ ಅದೇ ಕಳ್ಳ. ಎಲ್ಲ ಮುಚ್ಚಿದರೂ ನಾರಿದರೆ ಗಾಳಿ ಜೋಡಣೆಯ ಸಂದಿನಿಂದಲೋ, ಗೋಡೆಯ ಬಿರುಕಿನಿಂದಲೋ, ವೆಂಟಿಲೇಟರ್ ಮೂಲಕ ಹೊರಗಿನಿಂದಲೋ ಬರುತ್ತಿದೆ.

ಇನ್ನು ಊದುಬತ್ತಿ. ಬಾಗಿಲು ಕಿಟಕಿ ಮುಚ್ಚಿ ಎಕ್ಸಾಸ್ಟ್ ಫ್ಯಾನ್ ಹಾಕಿ, ಹೊಗೆಯನ್ನು ಜಾಲರಿ, ಕಮೋಡ್ ಬುಡ, ಕೊಳವೆ ಗೋಡೆ ಸೇರುವ ಜಾಗಗಳ ಬಳಿ ಹಿಡಿಯಿರಿ. ಹೊಗೆ ನೆಟ್ಟಗೆ ಏರಿದರೆ ಸರಿ. ಕೆಳಗಿನಿಂದ ಊದಿದಂತೆ ಚದುರಿದರೆ ಅಲ್ಲಿ ಗಾಳಿ ಮೇಲೆ ಬರುತ್ತಿದೆ. ಫ್ಯಾನು ಹೊರಗೆ ತಳ್ಳುವ ಗಾಳಿಗೆ ಬದಲಿ ಗಾಳಿ ಬೇಕು. ಬಾಗಿಲಿನ ಕೆಳಗೆ ಸಂದು ಇಲ್ಲದಿದ್ದರೆ ಅದು ಮೋರಿಯಿಂದಲೇ ಎಳೆದುಕೊಳ್ಳುತ್ತದೆ. ವಾಸನೆ ಹೋಗಲೆಂದು ಹಾಕಿದ ಫ್ಯಾನೇ ವಾಸನೆಯನ್ನು ಕರೆತರುವ ಚೋದ್ಯ ಇದು. ಬಾಗಿಲ ಕೆಳಗೆ ಅರ್ಧ ಇಂಚು ಜಾಗ ಬಿಡಿಸಿ.

ಸಿಕ್ಕಿಬಿದ್ದ ಕಳ್ಳನಿಗೆ ತಕ್ಕ ಶಾಸ್ತಿ

ಬೇಸಿನ್ ಆಗಿದ್ದರೆ ಕೆಳಗಿನ ಸುರುಳಿ ಪೈಪನ್ನು ನೋಡಿ. ಅಲ್ಲಿ ಬಾಟಲ್ ಟ್ರ್ಯಾಪ್ ಇಲ್ಲದೆ ಪೈಪನ್ನು ನೇರ ಗೋಡೆಯ ತೂತಿಗೆ ತುರುಕಿರುತ್ತಾರೆ, ಸುತ್ತ ಬೆರಳು ಹೋಗುವಷ್ಟು ಸಂದು. ಬಾಟಲ್ ಟ್ರ್ಯಾಪ್ ಹಾಕಿಸಿ, ಗೋಡೆಯ ಬಾಯಿಗೆ ರಬ್ಬರ್ ಕಾಲರ್ ಕೂರಿಸಿ. ಟ್ರ್ಯಾಪ್ ಇದ್ದೂ ನಾರಿದರೆ ಮೇಲಂಚಿನ ತೂತಿನೊಳಗೆ ಸೋಪಿನ ಲೋಳೆ ಕಟ್ಟಿರುತ್ತದೆ; ಬಾಟಲಿ ತೊಳೆಯುವ ಬ್ರಷ್ಷಿನಿಂದ ಉಜ್ಜಿ. ವಾಷಿಂಗ್ ಮಷಿನ್ ಪೈಪಿನದೂ ಇದೇ ಕಥೆ.

ಕಮೋಡ್ ಆಗಿದ್ದರೆ ಎರಡೂ ಕೈಯಿಂದ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಅಲುಗಿದರೆ ಕೊಳವೆಯ ಜೋಡಣೆ ಸಡಿಲವಾಗಿದೆ. ಬಟ್ಟೆಗೆ ಹಾಕುವ ನೀಲಿಯನ್ನು ಕಮೋಡ್ ನೀರಿಗೆ ಬೆರೆಸಿ ಫ್ಲಶ್ ಮಾಡಿ, ಬುಡದ ಸುತ್ತ ಬಿಳಿ ಕಾಗದ ಒತ್ತಿದರೆ ಸೋರಿಕೆ ಬಣ್ಣ ಬಿಟ್ಟುಕೊಡುತ್ತದೆ. ಬುಡಕ್ಕೆ ಮತ್ತಷ್ಟು ಬಿಳಿ ಸಿಮೆಂಟ್ ಮೆತ್ತುವುದು ಕಣ್ಣೊರೆಸುವ ತಂತ್ರ. ಕಮೋಡ್ ಎತ್ತಿಸಿ ಕಮೋಡನ್ನು ಕೊಳವೆಗೆ ಜೋಡಿಸುವ ರಬ್ಬರ್ ಪ್ಯಾನ್ ಕನೆಕ್ಟರ್ ಹಾಕಿಸಿ ಕೂರಿಸುವುದೇ ಸರಿ.

ಮೇಲಿನ ಮನೆಯವರು ಫ್ಲಶ್ ಮಾಡಿದಾಗ ನಿಮ್ಮ ಜಾಲರಿಯಲ್ಲಿ ಗುಳುಗುಳು ಸದ್ದು ಬಂದರೆ, ಟ್ರ್ಯಾಪಿನ ನೀರು ಕುಣಿದರೆ, ದೋಷ ನಿಮ್ಮ ಬಚ್ಚಲಿನಲ್ಲಿಲ್ಲ. ತಾರಸಿಯವರೆಗೆ ಹೋಗುವ ಗಾಳಿ ಕೊಳವೆ ಕಟ್ಟಿದೆ. ತಾರಸಿಗೆ ನೀರು ಸೋರದ ಲೇಪನ ಮಾಡುವಾಗ ಮುಚ್ಚಿ ಮರೆತಿರಬಹುದು, ಹಕ್ಕಿ ಗೂಡು ಕಟ್ಟಿರಬಹುದು. ಅಪಾರ್ಟ್‌ಮೆಂಟ್ ಸಂಘಕ್ಕೆ ಬರೆಯುವಾಗ ‘ವಾಸನೆ ಬರುತ್ತಿದೆ’ ಎಂದಷ್ಟೇ ಬರೆದರೆ ಫಿನಾಯಿಲ್ ಬಾಟಲಿ ಬರುತ್ತದೆ. ‘ಗಾಳಿ ಕೊಳವೆ ಪರೀಕ್ಷಿಸಿ’ ಎಂದು ಬರೆಯಿರಿ.

ಮಳೆ ಬಂದಾಗ ಮಾತ್ರ ನಾರಿದರೆ ಹೊರಗೆ ಕೊಳವೆಗಳು ಕೂಡುವ ಗುಂಡಿಯಾದ ಚೇಂಬರ್, ಬಚ್ಚಲ ನೀರು ಅದನ್ನು ಸೇರುವ ಮೊದಲಿನ ನೀರಿನ ತಡೆಯಾದ ಗಲ್ಲಿ ಟ್ರ್ಯಾಪ್ ನೋಡಿ. ತಾರಸಿಯ ಮಳೆನೀರನ್ನು ಒಳಚರಂಡಿಗೆ ಸೇರಿಸಿದ ಬೀದಿಗಳಲ್ಲಿ ಕೊಳವೆ ತುಂಬಿ ಗಾಳಿ ಹಿಂದಕ್ಕೆ ಒತ್ತುತ್ತದೆ. ಬೀದಿಯ ಮ್ಯಾನ್‌ಹೋಲ್ ಉಕ್ಕುತ್ತಿದ್ದರೆ ಬೆಂಗಳೂರಿನವರು ಜಲಮಂಡಳಿಯ 1916ಕ್ಕೆ ದೂರು ಕೊಡಬೇಕು. ಸೆಪ್ಟಿಕ್ ಟ್ಯಾಂಕ್ ಇದ್ದ ಮನೆಗಳಲ್ಲಿ ಎರಡು ಮೂರು ವರ್ಷಕ್ಕೊಮ್ಮೆ ಹೂಳು ತೆಗೆಸದಿದ್ದರೂ ಇದೇ ಪಾಡು. ಚೇಂಬರ್ ಮುಚ್ಚಳ ಸರಿಸಿ ದೂರದಿಂದ ನೋಡಿ, ತಲೆ ತೂರಿಸಬೇಡಿ. ಗಾಳಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಂತೆ ಮೂಗು ಅದನ್ನು ಗುರುತಿಸುವುದನ್ನೇ ನಿಲ್ಲಿಸುತ್ತದೆ. ಗುಂಡಿಗಿಳಿದವರು ಸಾಯುವುದು ಹೀಗೆ. ರಕ್ಷಣಾ ಸಾಧನವಿಲ್ಲದೆ ಮನುಷ್ಯರನ್ನು ಇಳಿಸುವುದು ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆಯಡಿ ಶಿಕ್ಷಾರ್ಹ ಅಪರಾಧ. ಹೂಳು ಹೀರುವ ಸಕ್ಕಿಂಗ್ ಯಂತ್ರ ತರಿಸಿ.

ಆಸಿಡ್ ಬಗ್ಗೆ ಒಂದು ಮಾತು. ಅದು ಟೈಲ್ಸ್ ನಡುವಿನ ಗಾರೆಯನ್ನು ತಿಂದು ಹೊಸ ಸಂದು ಮಾಡುತ್ತದೆ. ಬ್ಲೀಚಿಂಗ್ ಪುಡಿಯ ಜೊತೆ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಬಚ್ಚಲಿನಲ್ಲಿ ಅದು ಪ್ರಾಣಕ್ಕೇ ಕುತ್ತು. ಲೋಳೆ ತೆಗೆಯಲು ಬಿಸಿನೀರು, ಸೋಪಿನ ಪುಡಿ, ಬ್ರಷ್ಷು ಸಾಕು.

ಇಷ್ಟೆಲ್ಲ ಆಗಿಯೂ ಮೂಲ ಸಿಗದಿದ್ದರೆ ಪ್ಲಂಬರನ್ನು ಕರೆಯಿರಿ, ನಿಮ್ಮ ಟಿಪ್ಪಣಿ ಕೊಡಿ. ಕೊಳವೆಯ ಕೆಳತುದಿ ಮುಚ್ಚಿ ನೀರು ತುಂಬಿ ಮಟ್ಟ ಇಳಿಯುತ್ತದೆಯೇ ನೋಡುವ ಪರೀಕ್ಷೆಯನ್ನೋ ಹೊಗೆ ಪರೀಕ್ಷೆಯನ್ನೋ ಮೊದಲು ಮಾಡಿಸಿ, ಸುತ್ತಿಗೆ ಆಮೇಲೆ. ನೆಲ ಒಡೆಯಲೇಬೇಕಾಗಿ ಬಂದರೆ ಹೊಸ ಟ್ರ್ಯಾಪ್ ಕೂರಿಸುವ ಮೊದಲೇ ಅದಕ್ಕೆ ನೀರು ತುಂಬಿ, ತಡೆಯ ಆಳವನ್ನು ಕಣ್ಣೆದುರೇ ಅಳೆಸಿ. ಗಾರೆ ಮುಚ್ಚುವ ಮುನ್ನ ಕೊಳವೆಗಳ ಫೋಟೊ ತೆಗೆದು, ಗೋಡೆಯಿಂದ ಎಷ್ಟು ದೂರದಲ್ಲಿವೆ ಎಂದು ಬರೆದು ಮನೆ ಕಾಗದಗಳ ಜೊತೆ ಇಡಿ.