ತಿಂಗಳು ನಿಲ್ಲುವ ಮೊದಲೇ ವಾಕರಿಕೆ ಬರುತ್ತದಾ?

ನಮ್ಮ ಗಂಗಾವತಿ ಕಡೆ ಅನ್ನ ಕುದಿಯುವ ವಾಸನೆಗೆ ಸೊಸೆ ಮೂಗು ಮುಚ್ಚಿಕೊಂಡಳು ಅಂದರೆ ಸಾಕು, ಅತ್ತೆ ಕುಬುಸಕ್ಕೆ ಯಾವ ಸೀರೆ ಅಂತ ಲೆಕ್ಕ ಹಾಕಲು ಶುರು ಮಾಡುತ್ತಾಳೆ. ನಾನೂ ಹಾಗೇ ಮಾಡಿದವಳು. ಹೋದ ವರ್ಷ ಏಪ್ರಿಲ್‌ನಲ್ಲಿ ಸೊಸೆಗೆ ಸುಸ್ತು, ತಲೆಸುತ್ತು, ಊಟ ಬೇಡ. ಓಣಿಯ ನಾಲ್ಕು ಮನೆಗೆ ಹೇಳಿ ಬಂದೆ. ನೋಡಿದರೆ ಬಿಸಿಲಿನ ಝಳ ಅಷ್ಟೇ, ಮೂರನೇ ದಿನ ಮುಟ್ಟಾದಳು. ಒಂದು ವಾರ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ ಪಾಪ.

ಮೊದಲು ಲೆಕ್ಕ ಗೊತ್ತಿರಬೇಕು ತಂಗಿ. ಡಾಕ್ಟರು ವಾರ ಎಣಿಸುವುದು ಕಡೆಯ ಸಲ ಮುಟ್ಟಾದ ಮೊದಲ ದಿನದಿಂದ. ಹಾಗಾಗಿ ತಿಂಗಳು ತಪ್ಪಿದಾಗಲೇ ಸುಮಾರು 4 ವಾರ ಅನ್ನುತ್ತಾರೆ, ಅದರಲ್ಲಿ ಮೊದಲ ಎರಡು ವಾರ ಹೊಟ್ಟೆಯಲ್ಲಿ ಏನೂ ಇರುವುದೇ ಇಲ್ಲ. ಅಂಡ ಬಿಡುಗಡೆಯಾಗಿ, ಗರ್ಭ ಕಟ್ಟಿ, ಅದು ಗರ್ಭಕೋಶಕ್ಕೆ ಅಂಟಿಕೊಳ್ಳಲು 6ರಿಂದ 12 ದಿನ ಬೇಕು. ಎಚ್‌ಸಿಜಿ ಅನ್ನುವ ಹಾರ್ಮೋನ್ ಏರುವುದು ಆಮೇಲೆ. ಗಂಡ ಹೆಂಡತಿ ಕೂಡಿದ ಮೂರನೇ ದಿನಕ್ಕೇ ವಾಂತಿ ಬಂತು ಅಂದರೆ ಅದು ರಾತ್ರಿ ತಿಂದ ಒಗ್ಗರಣೆ ಮಿರ್ಚಿಯ ಕೆಲಸ ಇರಬೇಕು!

ಕೆಲವರಿಗೆ ತಿಂಗಳು ತಪ್ಪುವ ಮುಂಚೆಯೇ ಎದೆ ಭಾರ, ನೋವು, ಸುಸ್ತು ಬರುತ್ತದೆ, ಒಂದೆರಡು ಹನಿ ರಕ್ತದ ಕಲೆ ಕಾಣುವುದೂ ಉಂಟು. ಆದರೆ ಮುಟ್ಟಿನ ಮುಂಚೆಯೂ ಎದೆ ನೋಯುತ್ತದೆ ಅಲ್ವಾ, ಅದೊಂದನ್ನೇ ನಂಬಿ ಕೂರಬೇಡಿ. ವಾಕರಿಕೆ ಸಾಮಾನ್ಯವಾಗಿ 6ನೇ ವಾರದ ಹೊತ್ತಿಗೆ ಶುರು, 9ನೇ ವಾರದ ಸುತ್ತ ಜೋರು, 14–16ಕ್ಕೆ ಹೆಚ್ಚಿನವರಿಗೆ ಇಳಿಯುತ್ತದೆ. ಬೆಳಗ್ಗೆಯೇ ಬರಬೇಕು ಅಂತೇನಿಲ್ಲ, ನನಗೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿತ್ತು. ಏನೂ ಆಗದ ಬಸುರಿಯರೂ ಇದ್ದಾರೆ, ಅದಕ್ಕೆ ಹೆದರಬೇಡಿ.

ತಿಂಗಳು ತಪ್ಪಿದ ಮೇಲೆ ಬೆಳಗಿನ ಮೊದಲ ಮೂತ್ರದಲ್ಲಿ ಕಿಟ್ ಹಾಕಿ ನೋಡಿ. ಗೆರೆ ಬರದೆ, ಮುಟ್ಟೂ ಆಗದಿದ್ದರೆ ವಾರ ಬಿಟ್ಟು ಇನ್ನೊಮ್ಮೆ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಕಿಟ್ ಸಿಗುತ್ತದೆ, ತಾಯಿ ಕಾರ್ಡೂ ಅವರೇ ಮಾಡಿಸುತ್ತಾರೆ, 12 ವಾರದೊಳಗೆ ಹೆಸರು ಬರೆಸಿಬಿಡಿ. ಫೋಲಿಕ್ ಆಸಿಡ್ ದಿನಕ್ಕೆ 400 ಮೈಕ್ರೋಗ್ರಾಂ, ಅದನ್ನು ಮಗು ಬೇಕು ಅಂದುಕೊಂಡಾಗಲೇ ಡಾಕ್ಟರನ್ನು ಕೇಳಿ ಶುರು ಮಾಡಿದರೆ ಒಳ್ಳೆಯದು. ತಲೆನೋವು ಅಂತ ಅಂಗಡಿಯ ಗುಳಿಗೆ ಸುಮ್ನೆ ನುಂಗಬೇಡಿ.

ವಾಕರಿಕೆಗೆ ನನ್ನ ಉಪಾಯ ಅಂದರೆ ಖಡಕ್ ಜೋಳದ ರೊಟ್ಟಿ. ರಾತ್ರಿಯೇ ಎರಡು ತುಂಡು ತಲೆದೆಸೆಗೆ ಇಟ್ಟುಕೊಂಡು, ಏಳುವ ಮೊದಲು ಹಾಸಿಗೆಯಲ್ಲೇ ಕೂತು ನಿಧಾನ ಅಗಿಯಿರಿ. ಮಂಡಕ್ಕಿಯೂ ಆಗುತ್ತದೆ. ಹೊಟ್ಟೆ ಖಾಲಿ ಬಿಟ್ಟಷ್ಟೂ ಸಂಕಟ ಜಾಸ್ತಿ, ಅದಕ್ಕೆ ಎರಡು ತಾಸಿಗೊಮ್ಮೆ ಸ್ವಲ್ಪ ಸ್ವಲ್ಪ ತಿನ್ನಿ, ನಮ್ಮ ಬಿಸಿಲಿಗೆ ಮಜ್ಜಿಗೆ ಬಿಡಬೇಡಿ, ಅನ್ನದ ವಾಸನೆ ಆಗದಿದ್ದರೆ ಒಲೆ ಮುಂದೆ ಬೇರೆ ಯಾರಾದರೂ ನಿಲ್ಲಲಿ, ಮನೆಯಲ್ಲಿ ಗಂಡಸರೂ ಇದ್ದಾರಲ್ಲ. ಊಟದ ಬೆನ್ನಿಗೇ ಚಹಾ ಮಾತ್ರ ಬೇಡ, ಮೆಂತ್ಯ ಪಲ್ಯದಲ್ಲಿರುವ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ.

ನೀರೂ ನಿಲ್ಲದಷ್ಟು ವಾಂತಿ, ಹೊಟ್ಟೆಯ ಒಂದೇ ಪಕ್ಕ ಜೋರು ನೋವು, ರಕ್ತ ಹೋಗುವುದು, ಕಣ್ಣು ಕತ್ತಲೆ ಬಂದು ಬೀಳುವುದು ಕಂಡರೆ ಮನೆಮದ್ದು ಮಾಡುತ್ತಾ ಕೂರಬೇಡಿ. ಎಷ್ಟೇ ಹೊತ್ತಾಗಿರಲಿ, 108ಕ್ಕೆ ಫೋನ್ ಮಾಡಿ.