ಏಳಲಾಗದ ದಿನಕ್ಕೂ ಒಂದು ದಿನಚರಿ

ಡೈಪರ್ ಬದಲಿಸೋಕೆ ಮೂರು ನಿಮಿಷ ಸಾಕು. ಡಿಪ್ರೆಶನ್ ಇರುವಾಗ, ಏಳಬೇಕು ಏಳಬೇಕು ಎಂದುಕೊಂಡು ಗೋಡೆ ನೋಡುತ್ತಾ ಕೂರುವುದೇ ಅರ್ಧ ಗಂಟೆಯಾಗುತ್ತದೆ. ಕೈ ಹಚ್ಚಿದ ಮೇಲೆ ಕೆಲಸ ಹೇಗೋ ಸಾಗುತ್ತದೆ, ಕೈ ಹಚ್ಚುವುದೇ ಆಗುವುದಿಲ್ಲ. ಹಾಗಾಗಿ ನನ್ನ ದಿನಚರಿಯ ಲೆಕ್ಕ ಒಂದೇ: ಬೆಳಗ್ಗೆ ಎದ್ದು ‘ಈಗ ಏನು ಮಾಡಲಿ’ ಎಂದು ಯೋಚಿಸುವ ಪ್ರಸಂಗವೇ ಬರಬಾರದು. ಖಿನ್ನತೆಯಲ್ಲಿ ಬಹಳ ಜನರಿಗೆ ಬೆಳಗ್ಗೆ ಭಾರ ಹೆಚ್ಚು, ಸಂಜೆಗೆ ತುಸು ಸಡಿಲ. ನನಗೂ ಹಾಗೇ. ಬೆಳಗಿನ ಯೋಚನೆಯನ್ನೆಲ್ಲ ಹಿಂದಿನ ಸಂಜೆಯೇ ಮುಗಿಸಿಡುತ್ತೇನೆ.

ಹಾಸಿಗೆ ಪಕ್ಕ ಒಂದು ಬುಟ್ಟಿ ಇರುತ್ತದೆ. ನಾಲ್ಕು ಡೈಪರ್, ಒರೆಸುವ ಬಟ್ಟೆ, ಮಗುವಿಗೆ ಎರಡು ಜೊತೆ ಬಟ್ಟೆ, ನನಗೊಂದು, ನೀರಿನ ಬಾಟಲಿ, ಒಲೆ ಹಚ್ಚದೆ ತಿನ್ನಬಹುದಾದ ಏನಾದರೊಂದು. ಮಾತ್ರೆ ಮಾತ್ರ ಬುಟ್ಟಿಗೆ ಬೇಡ. ಅದು ಮಕ್ಕಳ ಕೈಗೆ ಎಟುಕದ, ಬೀಗ ಇರುವ ಕಪಾಟಿನಲ್ಲೇ ಇರಬೇಕು. ನೆನಪಿಗೆ ಫೋನಿನಲ್ಲಿ ಅಲಾರಂ. ಮಾತ್ರೆ ನುಂಗಿದ ಮೇಲೆಯೇ ಅಲಾರಂ ಆಫ್ ಮಾಡುವುದು. ಮೊದಲೇ ಆಫ್ ಮಾಡಿದರೆ ಮರೆತೇ ಹೋಗುತ್ತದೆ.

ಕಪಾಟಿನ ಬಾಗಿಲಿಗೆ ಎರಡು ಪಟ್ಟಿ ಅಂಟಿಸಿದ್ದೇನೆ. ಒಂದು ಮಾಮೂಲಿ ದಿನದ್ದು, ಇನ್ನೊಂದು ಕೆಟ್ಟ ದಿನದ್ದು. ಕೆಟ್ಟ ದಿನದ ಪಟ್ಟಿಯಲ್ಲಿ ಇಷ್ಟೇ: ಮಕ್ಕಳ ಹೊಟ್ಟೆ ತುಂಬಿರಬೇಕು, ಮೈ ಒಣಗಿರಬೇಕು, ಅಪಾಯವಿಲ್ಲದ ಕೋಣೆಯಲ್ಲಿರಬೇಕು, ನಾನು ಏನಾದರೂ ತಿಂದು ಮಾತ್ರೆ ನುಂಗಿರಬೇಕು, ನಂಬಿಕೆಯ ಒಬ್ಬರಿಗೆ ‘ಇವತ್ತು ಕೆಟ್ಟ ದಿನ’ ಎಂದು ಮೆಸೇಜ್ ಹೋಗಿರಬೇಕು. ಸ್ನಾನ, ಬಟ್ಟೆ ಮಡಚುವುದು, ನೆಲ ಒರೆಸುವುದು ಅದರಲ್ಲಿಲ್ಲ. ಅವತ್ತು ಟಿವಿ ಒಂದು ಗಂಟೆ ಹೆಚ್ಚು ಓಡಿದರೆ ಓಡಲಿ.

ಈ ಲೆಕ್ಕ ಕೆಡುವುದು ಹೆಚ್ಚಾಗಿ ಒಳ್ಳೆಯ ದಿನದಲ್ಲಿ. ಮೈ ಸ್ವಲ್ಪ ಹಗುರಾದ ಕೂಡಲೇ ವಾರದಿಂದ ಬಾಕಿ ಬಿದ್ದದ್ದನ್ನೆಲ್ಲ ಒಂದೇ ದಿನ ಮುಗಿಸಹೊರಟರೆ ಮರುದಿನ ಮತ್ತೆ ನೆಲಕಚ್ಚುತ್ತೇವೆ. ಅದಕ್ಕೇ ಒಳ್ಳೆಯ ದಿನಕ್ಕೂ ಮಿತಿ ಇದೆ, ಪಟ್ಟಿಯ ಮೇಲೆ ಎರಡೇ ಹೆಚ್ಚುವರಿ ಕೆಲಸ. ಈ ಮಿತಿ ಪಾಲಿಸುವುದು ಕೆಟ್ಟ ದಿನದ ಪಟ್ಟಿ ಪಾಲಿಸುವುದಕ್ಕಿಂತ ಕಷ್ಟ.

ಮಕ್ಕಳ ಜೊತೆ ಆಡಲು ಏಳಲೇಬೇಕೆಂದಿಲ್ಲ. ನೆಲದ ಮೇಲೆ ಬೋರಲು ಮಲಗಿದರೆ ಬೆನ್ನೇ ರಸ್ತೆ, ಆಟಿಕೆ ಕಾರು ಸೊಂಟದಿಂದ ಭುಜಕ್ಕೆ ಹತ್ತಿ ಇಳಿಯುತ್ತದೆ. ಡಾಕ್ಟರ್ ಆಟದಲ್ಲಿ ರೋಗಿ ಯಾವಾಗಲೂ ನಾನೇ. ಹತ್ತು ನಿಮಿಷ ಸಾಕು, ಆದರೆ ಆ ಹತ್ತು ನಿಮಿಷ ಫೋನ್ ಬೇರೆ ಕೋಣೆಯಲ್ಲಿರಬೇಕು.

ಕೂಸಾದರೆ ವಿಷಯ ಬೇರೆ. ಖಿನ್ನತೆಯಲ್ಲಿ ಮುಖ ಕಲ್ಲಿನ ಹಾಗಾಗುತ್ತದೆ, ನಗು ತರಿಸಿಕೊಂಡರೂ ಬರುವುದಿಲ್ಲ. ಅಮೆರಿಕದ ಮನಃಶಾಸ್ತ್ರಜ್ಞ ಎಡ್ವರ್ಡ್ ಟ್ರಾನಿಕ್ 1970ರ ದಶಕದಲ್ಲಿ ಮಾಡಿದ ಪ್ರಯೋಗದಲ್ಲಿ, ತಾಯಿ ಮುಖಭಾವ ಬದಲಿಸದೆ ಸುಮ್ಮನೆ ಕೂತಾಗ ಕೂಸು ಮೊದಲು ಅವಳ ಗಮನ ಸೆಳೆಯಲು ನೋಡುತ್ತದೆ, ಆಮೇಲೆ ಮುಖ ತಿರುಗಿಸಿಕೊಳ್ಳುತ್ತದೆ. ಇದನ್ನು ಓದಿದ ತಾಯಂದಿರಿಗೆ ತಪ್ಪಿತಸ್ಥ ಭಾವ ಬಿಟ್ಟು ಬೇರೇನೂ ಉಳಿಯುವುದಿಲ್ಲ. ಅದೇ ಪ್ರಯೋಗದ ಇನ್ನೊಂದು ಭಾಗದಲ್ಲಿ ತಾಯಿ ಮತ್ತೆ ಸ್ಪಂದಿಸುತ್ತಾಳೆ, ಕೂಸು ಅವಳ ಕಡೆ ಮರಳುತ್ತದೆ. ಆರೋಗ್ಯವಂತ ತಾಯಂದಿರಿಗೂ ಕೂಸಿಗೂ ತಾಳ ತಪ್ಪುತ್ತಲೇ ಇರುತ್ತದೆ, ಮತ್ತೆ ಕೂಡುತ್ತಲೂ ಇರುತ್ತದೆ. ಮುಖ ಕೈಕೊಟ್ಟ ದಿನ ನಾನು ದನಿ ಮತ್ತು ಕೈ ಬಳಸುತ್ತೇನೆ. ಡೈಪರ್ ಬದಲಿಸುವಾಗ ಕೈ ಮಾಡುವುದನ್ನೇ ಬಾಯಿ ಹೇಳುತ್ತದೆ: “ಈ ಕಾಲು ಮೇಲೆ… ಆ ಕಾಲು ಮೇಲೆ… ಈಗ ತಣ್ಣಗಾಗತ್ತೆ ನೋಡು.” ಹೊಸ ಮಾತು ಹುಡುಕಬೇಕಿಲ್ಲ, ದಿನವೂ ಅದೇ ಆದರೂ ಕೂಸಿಗೆ ಬೇಜಾರಿಲ್ಲ.

ಖಿನ್ನತೆ ಎಂದರೆ ಅಳು ಎಂದೇ ಎಲ್ಲರೂ ತಿಳಿದಿರುತ್ತಾರೆ. ಮನೆಯಲ್ಲಿ ಹೆಚ್ಚು ಕಾಣುವುದು ಸಿಡುಕು. ಹಲ್ಲು ಬಿಗಿಯಾಗಿ, ಮಗುವನ್ನು ಹಿಡಿದ ಕೈ ಗಟ್ಟಿಯಾಗುತ್ತಿದೆ ಅನ್ನಿಸಿದರೆ ಮಗುವನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ ಆಚೆ ಬನ್ನಿ. ಐದು ಹತ್ತು ನಿಮಿಷ ಅತ್ತರೆ ಮಗುವಿಗೆ ಏನೂ ಆಗದು, ಕುಲುಕಿದರೆ ಮಿದುಳಿಗೆ ಪೆಟ್ಟಾಗುತ್ತದೆ. ಮಗುವನ್ನು ಎತ್ತಿಕೊಂಡು ಸೋಫಾದಲ್ಲಿ ತೂಕಡಿಸುವುದೂ ಅಪಾಯ, ಉಸಿರು ಕಟ್ಟಬಹುದು. ಮಾತ್ರೆಯಿಂದ ಮಂಪರು ಬರುವವರಂತೂ ಕೂಸನ್ನು ಪಕ್ಕದಲ್ಲೇ ಹಾಕಿಕೊಂಡು ಮಲಗಬಾರದು.

ರಾತ್ರಿ ಒಂದೇ ಸಮನೆ ನಾಲ್ಕೈದು ಗಂಟೆ ನಿದ್ದೆ ಸಿಕ್ಕರೆ ಮರುದಿನವೇ ಬೇರೆ. ಅದಕ್ಕೆ ಇನ್ನೊಬ್ಬರು ಬೇಕು. “ಸ್ವಲ್ಪ ನೋಡ್ಕೊಳ್ಳಿ” ಎಂದರೆ ಯಾರೂ ಏಳುವುದಿಲ್ಲ. “ರಾತ್ರಿ 10ರಿಂದ 3ರವರೆಗೆ ಮಗು ನಿಮ್ಮದು, ಹಾಲು ತೆಗೆದಿಟ್ಟಿದ್ದೀನಿ” ಎಂದು ಹೊತ್ತು ಗೊತ್ತು ಮಾಡಿದರೆ ಏಳುತ್ತಾರೆ.

ಮೂರು ನಾಲ್ಕು ವರ್ಷದ ಮಕ್ಕಳು ಅಮ್ಮ ಮಂಕಾಗಿರುವುದು ತಮ್ಮಿಂದಲೇ ಎಂದುಕೊಳ್ಳುತ್ತಾರೆ. “ಅಮ್ಮನ ಮನಸ್ಸಿಗೆ ಹುಷಾರಿಲ್ಲ ಪುಟ್ಟ. ನೀನು ಏನೋ ಮಾಡಿದ್ದಕ್ಕಲ್ಲ. ಡಾಕ್ಟರ್ ಔಷಧಿ ಕೊಟ್ಟಿದ್ದಾರೆ.” ಇಷ್ಟು ಹೇಳಿದರೆ ಸಾಕು. “ನೀನು ಜಾಣನಾಗಿದ್ರೆ ಅಮ್ಮ ಸರಿಹೋಗ್ತಾಳೆ” ಎಂದು ಯಾರೂ ಹೇಳದಂತೆ ನೋಡಿಕೊಳ್ಳಿ. ಹಿರಿಯರ ಬಾಯಲ್ಲಿ ಅದು ಸಲೀಸಾಗಿ ಬಂದುಬಿಡುತ್ತದೆ.

ಇನ್ನು ಔಷಧಿ. ಖಿನ್ನತೆಯ ಮಾತ್ರೆಗಳ ಗುಣ ಕಾಣಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು. ವಾಕರಿಕೆ, ನಿದ್ದೆಯ ಏರುಪೇರು ಮಾತ್ರ ಮೊದಲ ವಾರವೇ ಬರುತ್ತವೆ. ‘ಇದು ನನಗೆ ಆಗಿಬರಲ್ಲ’ ಎಂದು ಎರಡನೇ ವಾರದಲ್ಲಿ ಬಿಟ್ಟುಬಿಡುವುದು ಇದಕ್ಕೇ. ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಲು ಹೇಳುತ್ತಾರೆ. ನಿಲ್ಲಿಸುವಾಗ ಡಾಕ್ಟರ್ ಹೇಳಿದಂತೆ ಡೋಸ್ ಇಳಿಸುತ್ತಾ ಬರಬೇಕು, ಒಮ್ಮೆಲೇ ಬಿಟ್ಟರೆ ತಲೆಸುತ್ತು, ಮೈಯಲ್ಲಿ ಕರೆಂಟ್ ಹೊಡೆದಂತಾಗುವುದು ಎಲ್ಲ ಶುರುವಾಗುತ್ತದೆ. ಎದೆಹಾಲು ಕೊಡುತ್ತಿದ್ದರೆ ಮೊದಲೇ ಹೇಳಿ. ಸರ್ಟ್ರಾಲೈನ್‌ನಂಥ ಖಿನ್ನತೆಯ ಮಾತ್ರೆಗಳು ಹಾಲಿಗೆ ಸೇರುವುದು ಬಹಳ ಕಡಿಮೆ. ಹೆರಿಗೆಯ ನಂತರ ಥೈರಾಯ್ಡ್ ಏರುಪೇರು, ರಕ್ತಹೀನತೆ ಕೂಡ ಇದೇ ರೀತಿ ಸುಸ್ತು ತರುವುದರಿಂದ ರಕ್ತಪರೀಕ್ಷೆಯನ್ನೂ ಕೇಳಿ ಮಾಡಿಸಿಕೊಳ್ಳಿ.

ಡಾಕ್ಟರ ಮುಂದೆ ಕೂತಾಗ ಬಾಯಿ ತಾನಾಗಿ ‘ಪರವಾಗಿಲ್ಲ’ ಎಂದುಬಿಡುತ್ತದೆ. ಆದ್ದರಿಂದ ಕ್ಯಾಲೆಂಡರಿನಲ್ಲಿ ದಿನವೂ ಒಂದು ಗುರುತು ಹಾಕಿ, ಯಾವ ಪಟ್ಟಿಯ ದಿನ, ಎಷ್ಟು ಗಂಟೆ ನಿದ್ದೆ ಎಂದು. ಆ ಹಾಳೆಯನ್ನೇ ಅವರ ಕೈಗೆ ಕೊಡಿ. ಹೆರಿಗೆಯ ನಂತರದ ಖಿನ್ನತೆ ಗುರುತಿಸಲು 1987ರಲ್ಲಿ ಬಂದ ಎಡಿನ್‌ಬರೋ ಪ್ರಶ್ನಾವಳಿಯಲ್ಲಿ ಹತ್ತು ಪ್ರಶ್ನೆಗಳಿವೆ. ಹತ್ತನೆಯದು ತನಗೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಅದಕ್ಕೆ ಉತ್ತರ ‘ಹೌದು’ ಎಂದಾದರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ನಿದ್ದೆಯಿಲ್ಲದಿದ್ದರೂ ದಣಿವೇ ಆಗದಿರುವುದು, ಯಾರೋ ಮಾತಾಡಿದಂತೆ ಕೇಳಿಸುವುದು, ಮಗುವಿನ ಬಗ್ಗೆ ವಿಚಿತ್ರ ನಂಬಿಕೆ ಹುಟ್ಟುವುದು, ಇವಂತೂ ತುರ್ತು. ಮನೆಯವರು ಅವತ್ತೇ ಆಸ್ಪತ್ರೆಗೆ ಕರೆದೊಯ್ಯಬೇಕು, ಅಲ್ಲಿಯವರೆಗೆ ತಾಯಿ ಮಗು ಇಬ್ಬರನ್ನೇ ಬಿಡಬಾರದು. ಇದನ್ನು ಮನೆಯವರಿಗೆ ಮೊದಲೇ ಹೇಳಿಡಿ, ಆ ಹೊತ್ತಿನಲ್ಲಿ ತಾಯಿಗೆ ತನಗೇನಾಗಿದೆ ಎಂದು ಗೊತ್ತಾಗದೆ ಇರಬಹುದು.